ಬೀಗಿತ್ತಿಯರ ಬರ್ಗರ್

ನನಗೆ ಆಗ ಎಂಟು ತಿಂಗಳು. "ಹೆರಿಗೆ ಆಗೋ ತನಕ ಮಂಚ ಬಿಟ್ಟು ಇಳಿಯೋ ಹಾಗಿಲ್ಲ, ಬೇಕಾದ್ರೆ ಸೋಫಾ" ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಆಗಸ್ಟ್ ತಿಂಗಳು. ಗ್ರೀಸಿನ ನಮ್ಮ ಲಾರಿಸಾ ಊರಿಗೆ ಊರೇ ಹೆಂಚಿನ ಹಾಗೆ ಕಾದಿತ್ತು. ಕೈಕಾಲು ನೆಟ್ಟಗಿದ್ದವರೆಲ್ಲ ಸಮುದ್ರದ ಕಡೆ ಹೋಗಿಬಿಟ್ಟಿದ್ದರು. ನಾನು ಮಾತ್ರ ಮೂರನೆಯ ಮಹಡಿಯ ಮನೆಯಲ್ಲಿ ಕಿಟಕಿಯ ಪಡಿಗಳನ್ನೆಲ್ಲ ಮುಚ್ಚಿಸಿಕೊಂಡು, ಟೇಬಲ್ ಫ್ಯಾನಿನ ಎದುರು ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದುಕೊಂಡಿದ್ದೆ.

ನನ್ನನ್ನು ನೋಡಿಕೊಳ್ಳಲು ಜನಕ್ಕೇನೂ ಬರವಿರಲಿಲ್ಲ. ಸೋಮವಾರದಿಂದ ಬುಧವಾರದ ತನಕ ವೋಲೋಸಿನಿಂದ ನನ್ನ ಅಮ್ಮ ಪೊಲಿಕ್ಸೇನಿ ಬರುತ್ತಿದ್ದಳು. ಗುರುವಾರದಿಂದ ಶನಿವಾರದ ತನಕ ಕಾರ್ದಿತ್ಸಾದ ಬಯಲಿನ ಹಳ್ಳಿಯಿಂದ ನನ್ನ ಅತ್ತೆ ವಾಯಾ. ಈ ಏರ್ಪಾಡು ನನ್ನ ಗಂಡ ಸ್ಟೆರ್ಗಿಯೋಸನದು. ಅವನಿಗೆ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಕೆಲಸ. ಒಂದು ಬಸ್ಸು ನಿಲ್ದಾಣ ಬಿಟ್ಟ ಮೇಲೆಯೇ ಇನ್ನೊಂದು ಒಳಗೆ ಬರುವಂತೆ ನೋಡಿಕೊಳ್ಳುವುದರಲ್ಲಿ ಅವನದು ಎತ್ತಿದ ಕೈ. ಮನೆಯಲ್ಲೂ ಹಾಗೆಯೇ ಮಾಡಿದ್ದ. ಯಾಕೆಂದರೆ ನಮ್ಮ ಮದುವೆಯ ದಿನದಿಂದ, ಅಂದರೆ ಎರಡು ವರ್ಷದಿಂದ, ಬೀಗಿತ್ತಿಯರಿಬ್ಬರೂ ಒಂದೇ ಮನೆಯಲ್ಲಿ ಒಂದು ಲೋಟ ನೀರು ಕುಡಿದವರಲ್ಲ.

ಕಾರಣ ಜೀರಿಗೆ. ಅಮ್ಮನ ಅಜ್ಜ ಅಜ್ಜಿ, ಸಮುದ್ರದಾಚೆ ತುರ್ಕಿಯ ಸ್ಮಿರ್ನಾ ಊರು ಸುಟ್ಟಾಗ ದೋಣಿ ಹತ್ತಿ ಬಂದವರು. ತಂದದ್ದು ಒಂದು ಕಂಬಳಿ, ಒಂದು ಹಿತ್ತಾಳೆ ಒರಳು, ಎಲ್ಲದಕ್ಕೂ ಜೀರಿಗೆ ಹಾಕುವ ಚಟ. ಮದುವೆಯ ಮುಂಚಿನ ದಿನ ಅಮ್ಮ ತಾನೇ ಕೂತು ನಾನೂರು ಮಾಂಸದುಂಡೆ ಮಾಡಿದ್ದಳು. ಅತ್ತೆ ಒಂದನ್ನು ಬಾಯಿಗಿಟ್ಟು, "ಚೆನ್ನಾಗಿದೆ ಬೀಗ್ತಿಯವರೇ. ಹಳೇ ಬೀರು ಬಾಗಿಲು ತೆಗೆದಂಗಾಯ್ತು" ಎಂದುಬಿಟ್ಟಳು. ಅಮ್ಮ ಬಿಡುತ್ತಾಳೆಯೇ? "ಪಾಪ, ನಿಮ್ಮ ಬಯಲಲ್ಲಿ ಮನುಷ್ಯರಿಗೂ ದನಕ್ಕೂ ಒಂದೇ ಮಸಾಲೆ ಅಲ್ವಾ, ಬರೀ ಉಪ್ಪು. ಅಭ್ಯಾಸ ಇಲ್ಲ ನಿಮಗೆ" ಎಂದಳು. ಅಲ್ಲಿಗೆ ಮುಗಿಯಿತು. ಆಮೇಲೆ ಇಬ್ಬರ ಮಾತೂ ನನ್ನ ಮೂಲಕವೇ ಹೋಗಿಬರುತ್ತಿತ್ತು, ಅದೂ ನಾನು ಅರ್ಧ ನುಂಗಿಕೊಂಡು.

ಇಂಥ ಹೊತ್ತಿನಲ್ಲಿ ನನಗೊಂದು ಬಯಕೆ ಹುಟ್ಟಿತು. ಥೆಸಲೊನೀಕಿಯಲ್ಲಿ ಓದುವಾಗ ಯೂನಿವರ್ಸಿಟಿಯ ಹಿಂದಿನ ಓಣಿಯಲ್ಲಿ ಒಂದು ಚಿಕ್ಕ ಅಂಗಡಿಯಿತ್ತು. ದನದ ಕೈಮಾದ ದಪ್ಪ ಬಿಲ್ಲೆ, ಅದರ ಹೊಟ್ಟೆಯೊಳಗೆ ಫೆಟಾ ಚೀಸ್, ಮೇಲೆ ಬೆಳ್ಳುಳ್ಳಿ ಸೌತೆಕಾಯಿ ಹಾಕಿದ ಗಟ್ಟಿ ಮೊಸರು, ಟೊಮೆಟೊ, ಓರೆಗಾನೊ, ಎಲ್ಲ ಸೇರಿ ಒಂದು ಬನ್ನಿನೊಳಗೆ. ನಮ್ಮ ಮನೆಗಳಲ್ಲಿ ಮಾಡುವ ಬಿಫ್ತೆಕಿಗೇ ಅಮೆರಿಕದ ಅಂಗಿ ತೊಡಿಸಿದ್ದರು, ಅಷ್ಟೆ. ಆದರೆ ಅಂಗಿ ತೊಟ್ಟ ಮೇಲೆ ಅದರ ಠೀವಿಯೇ ಬೇರೆ. ಆ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ನನಗೆ ಮಾತ್ರ ಕಣ್ಣು ಮುಚ್ಚಿದರೆ ಬರ್ಗರ್, ತೆರೆದರೆ ಬರ್ಗರ್.

ಸ್ಟೆರ್ಗಿಯೋಸನಿಗೆ ಹೇಳಿದೆ. ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿನ ಮೈಮೇಲೆ ಆ ತಿಂಡಿಯ ಆಕಾರದಲ್ಲೇ ಮಚ್ಚೆ ಮೂಡುತ್ತದೆ ಎಂದು ನಂಬುವ ಊರಿನವನು ಅವನು. ಹೆದರಿ, ಬುದ್ಧಿವಂತನ ಹಾಗೆ ಇಬ್ಬರಿಗೂ ಫೋನು ಮಾಡಿದ.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲ ಗಂಟೆ ಸದ್ದು ಮಾಡಿತು. ಅತ್ತೆ ಅಡುಗೆಮನೆಯಿಂದ ಕೈ ಒರೆಸುತ್ತ ಹೋಗಿ ಬಾಗಿಲು ತೆಗೆದಳು. ಹೊರಗೆ ಅಮ್ಮ, ಕೈಯಲ್ಲಿ ಐಸ್ ಡಬ್ಬಿ.

"ಏನು ಬೀಗ್ತಿಯವರೇ, ದಾರಿ ತಪ್ಪಿ ಬಂದ್ರಾ? ಇವತ್ತು ಶುಕ್ರವಾರ" ಎಂದಳು ಅತ್ತೆ.

"ನನ್ನ ಮಗಳ ಮನೆಗೆ ಬರೋಕೆ ಪಂಚಾಂಗ ನೋಡ್ಬೇಕಾ? ಒಂದು ಕಿಲೋ ಕೈಮಾ ತಂದಿದ್ದೀನಿ. ಎರಡು ಸಲ ಮಿಷನ್‌ಗೆ ಹಾಕ್ಸಿದ್ದೀನಿ."

"ಕೈಮಾ ಇದೆ. ನಮ್ಮ ಕಟುಕ ಮೂರು ಸಲ ಹಾಕಿದ್ದಾನೆ."

"ಮೂರು ಸಲ ಹಾಕಿದ್ರೆ ಅದು ಕೈಮಾ ಅಲ್ಲ, ಅಂಟು."

ಆವತ್ತು ರಜೆಯಲ್ಲಿದ್ದ ಸ್ಟೆರ್ಗಿಯೋಸ್ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. "ಬನ್ನು ತರ್ತೀನಿ" ಎಂದು ಹೇಳಿ ಅವನು ಮೆಟ್ಟಿಲಿಳಿದು ಮಾಯವಾದ. ಬೇಕರಿ ಇರುವುದು ನಮ್ಮ ಕಟ್ಟಡದ ಬುಡದಲ್ಲೇ. ಅವನು ಹಿಂದಿರುಗಿದ್ದು ಎರಡು ಗಂಟೆಯ ಮೇಲೆ.

ನಾನು ಹಾಲಿನ ಸೋಫಾದ ಮೇಲಿದ್ದೆ. ಅಲ್ಲಿಂದ ಅಡುಗೆಮನೆ ಪೂರ್ತಿ ಕಾಣುತ್ತದೆ. ಇಬ್ಬರೂ ಎರಡು ಬೋಗುಣಿ ಹಿಡಿದು ನಿಂತದ್ದನ್ನು ಕಂಡು ನಾನು ಅಲ್ಲಿಂದಲೇ ಕೂಗಿದೆ: "ನೋಡಿ, ನನ್ನ ಹೊಟ್ಟೇಲಿ ಜಾಗ ಇರೋದು ಒಂದೇ ಬರ್ಗರಿಗೆ. ಇಬ್ಬರೂ ಸೇರಿ ಒಂದೇ ಮಾಡಿ. ಎರಡು ಮಾಡಿದ್ರೆ ಎರಡನ್ನೂ ಮುಟ್ಟಲ್ಲ."

ಬಸುರಿಯ ಮಾತು. ಯಾರು ಎದುರಾಡುತ್ತಾರೆ? ಅಮ್ಮನ ಕೈಮಾ ಫ್ರಿಜ್ಜಿಗೆ ಹೋಯಿತು, ಅತ್ತೆಯದು ಬೋಗುಣಿಗೆ ಬಂತು. ಅತ್ತೆ ಹಿಂದಿನ ದಿನದ ಬ್ರೆಡ್ಡನ್ನು ನೀರಲ್ಲಿ ನೆನೆಸಿ ಹಿಂಡಿ ಹಾಕಿದಳು. ಅಮ್ಮ ಈರುಳ್ಳಿ ತುರಿದಳು. ಪುದೀನ, ಪಾರ್ಸ್ಲಿ, ಓರೆಗಾನೊ, ಸ್ವಲ್ಪ ಆಲಿವ್ ಎಣ್ಣೆ. ಅಲ್ಲಿಯವರೆಗೆ ಎಲ್ಲ ಸುಸೂತ್ರ. ಆಮೇಲೆ ಅಮ್ಮ ಗುಟ್ಟಿನ ಗಂಟು ಬಿಚ್ಚುವವಳ ಹಾಗೆ ಕೈಚೀಲದಿಂದ ಒಂದು ಚಿಕ್ಕ ಪೊಟ್ಟಣ ತೆಗೆದಳು.

"ಬೇಡ" ಎಂದಳು ಅತ್ತೆ, ತಿರುಗಿಯೂ ನೋಡದೆ.

"ಒಂದು ಚಿಟಿಕೆ."

"ಮಗು ಸ್ಮಿರ್ನಾ ಕಡೆ ಮುಖ ಮಾಡ್ಕೊಂಡು ಹುಟ್ಟುತ್ತೆ."

"ಹುಟ್ಟಲಿ ಬಿಡಿ. ಬಯಲು ಕಡೆ ಮುಖ ಮಾಡಿದ್ರೆ ನೋಡೋಕೆ ಏನಿದೆ? ಹತ್ತಿ ಹೊಲ, ಇನ್ನೊಂದು ಹತ್ತಿ ಹೊಲ."

ಅತ್ತೆಗೆ ನಗು ಬಂದಿತ್ತು. ಬೆನ್ನು ಅಲುಗಿದ್ದು ನನಗೆ ಕಂಡಿತು. ಅವಳು ಬೋಗುಣಿಯನ್ನು ಒಂದು ಗೇಣು ಅಮ್ಮನ ಕಡೆ ಸರಿಸಿದಳು. ಚಿಟಿಕೆ ಬಿತ್ತು. ಅಮ್ಮನ ಚಿಟಿಕೆಗೆ ಐದು ಬೆರಳು.

ಇನ್ನು ರುಚಿ ನೋಡುವುದು. ಕಾವಲಿಯ ಮೇಲೆ ಒಂದು ಚೂರು ಬೇಯಿಸಿ ತಿಂದು ನೋಡದೆ ಇಡೀ ಹದವನ್ನು ನಂಬುವ ಹೆಂಗಸು ನಮ್ಮ ಕಡೆ ಹುಟ್ಟಿಲ್ಲ. ಆದರೆ ಆವತ್ತು ಆಗಸ್ಟ್ ಒಂಬತ್ತು. ಹದಿನೈದಕ್ಕೆ ಪನಾಯಿಯಾ ತಾಯಿಯ, ಅಂದರೆ ಮೇರಿ ಮಾತೆಯ ಹಬ್ಬ. ಒಂದನೇ ತಾರೀಕಿನಿಂದ ಅತ್ತೆಯದು ಉಪವಾಸ: ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲುಮೊಸರಿಲ್ಲ, ವಾರದ ದಿನಗಳಲ್ಲಿ ಎಣ್ಣೆಯೂ ಇಲ್ಲ. ಏಳನೆಯ ವಯಸ್ಸಿನಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ. ಹಳ್ಳಿಯಲ್ಲಿ ಪಾದ್ರಿಗಳೇ ಯಾವ ದಿನ ಎಣ್ಣೆ, ಯಾವ ದಿನ ಮೀನು ಎಂದು ಅವಳನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ ಎಂದು ಸ್ಟೆರ್ಗಿಯೋಸ್ ತಮಾಷೆ ಮಾಡುವುದುಂಟು.

"ನೀವು ನೋಡಿ ಬೀಗ್ತಿಯವರೇ" ಎಂದಳು ಅತ್ತೆ, ಬಹಳ ಕಷ್ಟದಿಂದ. "ನಿಮಗೆ ಉಪವಾಸ ಗಿಪವಾಸ ಇಲ್ವಲ್ಲ."

"ನನಗೆ ಡಾಕ್ಟರು ಉಪವಾಸ ಬೇಡ ಅಂದಿದ್ದಾರೆ."

"ಯಾವ ಡಾಕ್ಟರು?"

"ಒಬ್ಬರಿದ್ದಾರೆ."

ಅಮ್ಮ ವೋಲೋಸ್ ಬಂದರಿನ ಒಂದು ಖಾನಾವಳಿಯಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದವಳು. ದೂರದಿಂದ ಆವಿ ನೋಡಿ ಸಾರಿಗೆ ಏನು ಕಡಿಮೆ ಎಂದು ಹೇಳುತ್ತಿದ್ದಳು. ಆ ವರ್ಷ ಮೇ ತಿಂಗಳಲ್ಲಿ ಮಂಡಿನೋವೆಂದು ಕೆಲಸ ಬಿಟ್ಟಿದ್ದಳು. ಅಂಥವಳ ನಾಲಿಗೆಗೆ ಯಾರು ತಕರಾರು ಮಾಡುತ್ತಾರೆ? ಬೆಂದ ಚೂರನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ತಲೆಯಾಡಿಸಿ, "ಉಪ್ಪು ಸಾಲದು" ಎಂದಳು.

ಅತ್ತೆ ತನ್ನ ಅಂಗೈ ನೋಡಿಕೊಂಡಳು. ನಲವತ್ತು ವರ್ಷದಿಂದ ಆ ಅಂಗೈ ಗುಂಡಿಯೇ ಅವಳ ತಕ್ಕಡಿ. ಆದರೂ ಇನ್ನಷ್ಟು ಹಾಕಿದಳು. ಇನ್ನೊಂದು ಚೂರು ಬೆಂದಿತು.

"ಇನ್ನೂ ಸ್ವಲ್ಪ ಬೇಕು."

"ಇನ್ನೂನಾ?"

"ನಾನು ತಿಂದು ಹೇಳ್ತಿದ್ದೀನಿ ಬೀಗ್ತಿಯವರೇ. ನೀವು ನೋಡಿ ಹೇಳ್ತಿದ್ದೀರಿ."

ಮೂರನೆಯ ಸಲ ಉಪ್ಪು ಹಾಕುವಾಗ ಅತ್ತೆಯ ಮುಖ ಕೆಂಪಾಗಿತ್ತು. ನನಗೆ ಒಳಗೊಳಗೇ ಗಾಬರಿ. ಮದುವೆಯ ಮಾತಿನ ಸೇಡನ್ನು ಅಮ್ಮ ನನ್ನ ಬರ್ಗರಿನ ಮೇಲೆ ತೀರಿಸಿಕೊಳ್ಳುತ್ತಿದ್ದಾಳೆಯೇ? ಅತ್ತೆಗೂ ಅದೇ ಅನುಮಾನ ಬಂದಿರಬೇಕು. ಕೈ ತೊಳೆದುಕೊಂಡಳು, ಕೈಮಾದ ಮೇಲೆ ತಟ್ಟೆ ಮುಚ್ಚಿದಳು. "ಮೊದ್ಲು ಮೊಸರಿನದು ಮಾಡಣ" ಎಂದು ಮೊಸರಿನ ಬಟ್ಟಲು ತೆಗೆದು, ಸೌತೆಕಾಯಿ ಹಿಂಡಿ ಹಾಕಿ, ಕಲಸಿ, ಒಂದು ಚಮಚ ಅಮ್ಮನ ಮುಂದೆ ಹಿಡಿದಳು.

"ಬೆಳ್ಳುಳ್ಳಿ ಹೇಗಿದೆ ನೋಡಿ."

ಅಮ್ಮ ಚಪ್ಪರಿಸಿದಳು. "ಒಂದು ಎಸಳು ಹೆಚ್ಚಾಯ್ತು. ಬಯಲಿನ ಕೈ ಅಲ್ವಾ. ಪರವಾಗಿಲ್ಲ, ನನ್ನ ಮಗಳು ರೊಡಾಂಥಿಗೆ ಬೆಳ್ಳುಳ್ಳಿ ಇಷ್ಟ."

ಬೆಳ್ಳುಳ್ಳಿ ಇನ್ನೂ ಕತ್ತರಿಸುವ ಹಲಗೆಯ ಮೇಲಿತ್ತು. ಇಡೀ ಗಡ್ಡೆ, ಸಿಪ್ಪೆ ಸಮೇತ. ಸೋಫಾದಿಂದ ನನಗೆ ಕಾಣುತ್ತಿತ್ತು. ಅತ್ತೆಗೆ ಕಾಣುತ್ತಿತ್ತು. ಅಮ್ಮ ಮಾತ್ರ ಚಮಚ ತೊಳೆಯುತ್ತ ಸಿಂಕಿನ ಕಡೆ ತಿರುಗಿದ್ದಳು.

ನನ್ನ ಅತ್ತೆಯನ್ನು ನಾನು ಬಲ್ಲೆ. ಇಂಥ ಒಂದು ಗಳಿಗೆಗಾಗಿ ಅವಳು ಎರಡು ವರ್ಷದಿಂದ ಕಾದಿದ್ದಳು. ಆ ಬೆಳ್ಳುಳ್ಳಿ ಗಡ್ಡೆಯನ್ನು ಎತ್ತಿ ಅಮ್ಮನ ಮುಂದೆ ಹಿಡಿದಿದ್ದರೆ ಸಾಕಿತ್ತು, ಕಾರ್ದಿತ್ಸಾದ ಅಷ್ಟೂ ಹಳ್ಳಿಗಳಲ್ಲಿ ಸಂಜೆಯೊಳಗೆ ಸುದ್ದಿ.

ಅತ್ತೆ ಬೆಳ್ಳುಳ್ಳಿಯ ಮೇಲೆ ಒಗೆದ ಬಟ್ಟೆಯೊಂದನ್ನು ಎಳೆದು ಮುಚ್ಚಿದಳು. "ಹೌದು, ನನ್ನ ಕೈ ಸ್ವಲ್ಪ ಭಾರ" ಎಂದಳು.

ಆಮೇಲೆ ಫ್ರಿಜ್ಜಿನ ಮೇಲೆ ತಾನೇ ತಂದು ನಿಲ್ಲಿಸಿದ್ದ ಪನಾಯಿಯಾ ತಾಯಿಯ ಚಿಕ್ಕ ಪಟದ ಕಡೆ ತಿರುಗಿ ಮೂರು ಸಲ ಶಿಲುಬೆಯ ಗುರುತು ಮಾಡಿಕೊಂಡಳು. ಕಾವಲಿಯ ಅಂಚಿನಲ್ಲಿ ಉಳಿದಿದ್ದ ಕೈಮಾದ ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.

ಅವಳ ಮುಖ ನಿಂಬೆಹಣ್ಣಿನ ಹಾಗೆ ಹಿಂಡಿಕೊಂಡಿತು. "ಅಯ್ಯೋ ತಾಯೀ! ಇದು ಬಿಫ್ತೆಕಿ ಅಲ್ಲ, ಸಮುದ್ರ!"

ಅಮ್ಮ ಗರಕ್ಕನೆ ತಿರುಗಿದಳು. "ಬೀಗ್ತಿಯವರೇ! ಉಪವಾಸ! ಏನು ಮಾಡಿದ್ರಿ ನೀವು?"

ಅತ್ತೆ ಗಟಗಟನೆ ನೀರು ಕುಡಿಯುತ್ತಿದ್ದಳು. ಅಮ್ಮನ ಕಣ್ಣು ಕಾವಲಿಯಿಂದ ಬೋಗುಣಿಗೆ, ಬೋಗುಣಿಯಿಂದ ಹಲಗೆಗೆ ಹೋಯಿತು. ಅಮ್ಮ ಬಟ್ಟೆ ಎತ್ತಿ ನೋಡಿದಳು. ಸಿಪ್ಪೆ ಸುಲಿಯದ ಗಡ್ಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಯ ಕುರ್ಚಿಯ ಮೇಲೆ ನಿಧಾನವಾಗಿ ಕೂತಳು.

"ಫೆಬ್ರವರಿ ಜ್ವರ" ಎಂದಳು. "ಮೊದ್ಲು ವಾಸನೆ ಹೋಯ್ತು. ನೆಗಡಿ ಅಂದ್ಕೊಂಡೆ. ಆಮೇಲೆ ನಾಲಿಗೇನೂ. ಬಾಯಿಗೆ ಏನು ಹಾಕಿದ್ರೂ ಒದ್ದೆ ಕಾಗದ."

"ಅಮ್ಮಾ, ನಮಗ್ಯಾಕೆ ಹೇಳ್ಲಿಲ್ಲ?" ನಾನು ಎದ್ದು ಕೂರಲು ಹೋದೆ. ಇಬ್ಬರೂ ಒಟ್ಟಿಗೆ "ಮಲಗೇ!" ಎಂದು ಗದರಿದರು. ಇಬ್ಬರೂ ಒಟ್ಟಿಗೆ ಒಂದು ಮಾತು ಆಡಿದ್ದು ಅದೇ ಮೊದಲು.

"ಏನಂತ ಹೇಳ್ಲಿ? ಅಡುಗೆಯವಳಿಗೆ ನಾಲಿಗೆ ಇಲ್ಲ ಅಂತಲಾ? ಮೂರು ತಿಂಗಳು ಕೈ ಲೆಕ್ಕದಲ್ಲೇ ನಡೆಸಿದೆ. ಮೇ ತಿಂಗಳಲ್ಲಿ ಮೀನಿನ ಸಾರಿಗೆ ಉಪ್ಪಂತ ಸಕ್ಕರೆ ಹಾಕ್ಬಿಟ್ಟೆ. ಯಾರೂ ಬೈಲಿಲ್ಲ. ನಾನಿಲ್ದಾಗ ಸಾರು ಚೆಲ್ಲಿ ಬೇರೆ ಮಾಡಿದ್ರು. ಅದಕ್ಕೇ ಬಿಟ್ಟೆ."

"ಮತ್ತೆ ಮಂಡಿನೋವು?"

"ಮಂಡಿ ಗಟ್ಟಿಯಾಗಿದೆ."

ಮೂರು ತಿಂಗಳಿಂದ ನಾನು ಆ ಮಂಡಿಗೆ ಮುಲಾಮು ಕಳಿಸುತ್ತಿದ್ದೆ. ಆ ಮುಲಾಮನ್ನು ಏನು ಮಾಡಿದಳೆಂದು ಕೇಳಿದ್ದಕ್ಕೆ, ಪಕ್ಕದ ಮನೆಯವಳ ನಾಯಿಗೆ ಸೊಂಟ ಹಿಡಿದಿತ್ತು, ಈಗ ಓಡಾಡಿಕೊಂಡಿದೆ ಎಂದಳು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಸಮಾಧಾನದ ಮಾತು ಹೇಳುತ್ತಾಳೇನೋ ಎಂದುಕೊಂಡೆ.

"ಹಂಗಾದ್ರೆ ಈಸ್ಟರಲ್ಲಿ ನಾನು ಕಳಿಸಿದ್ದ ಸೊಪ್ಪಿನ ಕಡುಬು ಸಪ್ಪೆ ಅಂತ ಮಗಳ ಹತ್ರ ಹೇಳಿ ಕಳಿಸಿದ್ಯಲ್ಲ? ನಾಲಿಗೆ ಇಲ್ದೆ ಹೆಂಗೆ ಗೊತ್ತಾಯ್ತು?"

"ಅದಕ್ಕೆ ನಾಲಿಗೆ ಯಾಕೆ ಬೇಕು? ನೋಡಿದ್ರೇ ಗೊತ್ತಾಗ್ತಿತ್ತು."

ಅತ್ತೆ ಮೊದಲು ಮೂಗಿನಲ್ಲಿ, ಮತ್ತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಅಮ್ಮನೂ ನಕ್ಕಳು, ಕಣ್ಣು ಒರೆಸಿಕೊಳ್ಳುತ್ತ. ಯಾವುದು ನಗುವಿನ ನೀರು, ಯಾವುದು ಅಲ್ಲ ಎಂದು ನಾನು ಕೇಳಲು ಹೋಗಲಿಲ್ಲ.

"ಏಳು, ಏಳು" ಎಂದಳು ಅತ್ತೆ. "ನೀವು" ಎಂಬುದು ಎಲ್ಲಿ ಬಿದ್ದುಹೋಯಿತೋ ಇಬ್ಬರೂ ಗಮನಿಸಿದ ಹಾಗಿರಲಿಲ್ಲ. "ಈ ಉಪ್ಪಿನ ಗಣಿಗೆ ಏನಾದ್ರೂ ದಾರಿ ಮಾಡು. ಇಪ್ಪತ್ತೆರಡು ವರ್ಷ ಸುಮ್ನೆ ಸೌಟು ತಿರುವಿದ್ಯಾ?"

ಅಮ್ಮ ಫ್ರಿಜ್ಜಿನ ಬಾಗಿಲು ತೆಗೆದಳು. ಅವಳು ತಂದಿದ್ದ ಒಂದು ಕಿಲೋ ಕೈಮಾ ಅಲ್ಲೇ ಇತ್ತು, ಒಂದು ಹರಳು ಉಪ್ಪೂ ಕಾಣದೆ. ಅದನ್ನು ಪೂರ್ತಿ ಬೋಗುಣಿಗೆ ಸುರಿದಳು. ಇನ್ನಷ್ಟು ಬ್ರೆಡ್ಡು, ಇನ್ನಷ್ಟು ಈರುಳ್ಳಿ. ಇಬ್ಬರ ನಾಲ್ಕು ಕೈ ಒಂದೇ ಬೋಗುಣಿಯೊಳಗೆ.

"ನಿನ್ನ ಅಂಟು ಕೈಮಾಕ್ಕೆ ನನ್ನ ಕೈಮಾ ಸೇರಿ ಹದ ಬಂತು ನೋಡು" ಎಂದಳು ಅಮ್ಮ.

"ನಾದೋದು ಸಾಕು, ಬಿಡು. ಹೆಚ್ಚು ನಾದಿದ್ರೆ ಗಟ್ಟಿಯಾಗುತ್ತೆ."

ಮತ್ತೊಂದು ಚೂರು ಬೇಯಿಸಿ ಅತ್ತೆಯೇ ತಿಂದಳು. ಒಮ್ಮೆ ಪಟದ ಕಡೆ ನೋಡಿದಳು, ತಲೆಯಾಡಿಸಿದಳು. "ಈಗ ಸರಿ."

"ಪಾಪ ಬರಲ್ವಾ?" ಅಮ್ಮ ಮೆಲ್ಲಗೆ ಕೇಳಿದಳು. "ನನ್ನಿಂದ ಆಯ್ತಲ್ಲ."

"ಬರ್ಲಿ. ಅವಳೂ ಒಬ್ಬ ತಾಯಿ. ಬಸುರಿಗೆ ಸಮುದ್ರ ತಿನ್ನಿಸು ಅಂತಾಳಾ?"

ಬಿಲ್ಲೆಗಳನ್ನು ತಟ್ಟಿದರು. ಒಂದರ ಮೇಲೆ ಫೆಟಾ ತುಂಡಿಟ್ಟು ಇನ್ನೊಂದನ್ನು ಮುಚ್ಚಿ, ಅಂಚು ಒತ್ತಿ, ಬೇಯುವಾಗ ಉಬ್ಬದಂತೆ ನಡುವೆ ಹೆಬ್ಬೆರಳಿನಿಂದ ಸಣ್ಣ ಗುಳಿ. ಕಾವಲಿ ಹೊಗೆಯಾಡಿತು. ನನ್ನ ಸೋಫಾದ ತನಕ ಆ ಘಮ ಬಂದಾಗ ಹೊಟ್ಟೆಯೊಳಗಿದ್ದವಳು ಒಮ್ಮೆ ಜೋರಾಗಿ ಒದ್ದಳು. ಬಿಲ್ಲೆಯನ್ನು ಕಾವಲಿಯ ಮೇಲೆ ಒತ್ತಬೇಡ ಎಂದು ಅಮ್ಮ, ಒತ್ತದಿದ್ದರೆ ಒಳಗೆ ಬೇಯುವುದಿಲ್ಲ, ಡಾಕ್ಟರು ಪೂರ್ತಿ ಬೆಂದದ್ದೇ ಕೊಡಬೇಕು ಅಂದಿದ್ದಾರೆ ಎಂದು ಅತ್ತೆ. ಕೊನೆಗೆ ತಟ್ಟೆ ಮುಚ್ಚಿ ಬೇಯಿಸುವುದೆಂದು ರಾಜಿಯಾಯಿತು. ಈ ಸಲ ಬೆಳ್ಳುಳ್ಳಿ ನಿಜಕ್ಕೂ ಮೊಸರಿಗೆ ಬಿತ್ತು.

ಆಗ ಸ್ಟೆರ್ಗಿಯೋಸ್ ಬನ್ನು ಹಿಡಿದು ಬಾಗಿಲು ತೆಗೆದ. ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಒಂದೇ ಬೋಗುಣಿಯ ಮೇಲೆ ಬಗ್ಗಿ ಕಿಲಕಿಲ ನಗುತ್ತಿದ್ದರು. ಅವನು ಹೊರಗೆ ಹೋಗಿ ಬಾಗಿಲ ಮೇಲಿನ ಹೆಸರು ಓದಿಕೊಂಡು ಮತ್ತೆ ಒಳಗೆ ಬಂದ.

"ಬಾಪ್ಪಾ ಬಾ" ಎಂದಳು ಅತ್ತೆ. "ಗೋಧಿ ಬಿತ್ತಿ, ಕೊಯ್ದು, ಬೀಸಿ ತಂದ್ಯಾ?"

ಬರ್ಗರ್ ಬಂತು. ಬನ್ನಿನ ಅಂಚಿನಿಂದ ಮೊಸರು ಇಳಿಯುತ್ತಿತ್ತು. ನಾನು ಎರಡು ಕೈಯಲ್ಲಿ ಹಿಡಿದು ಕಚ್ಚಿದೆ. ಆ ಓಣಿಯ ಅಂಗಡಿಯ ರುಚಿಯಾಗಿತ್ತೇ ಎಂದರೆ, ಇಲ್ಲ. ಅಲ್ಲಿ ಜೀರಿಗೆ ಇರಲಿಲ್ಲ, ಇಷ್ಟೊಂದು ಪುದೀನವೂ ಇರಲಿಲ್ಲ. ಆದರೆ ಅರ್ಧ ಮುಗಿಯುವ ಹೊತ್ತಿಗೆ ಆ ಅಂಗಡಿ ಯಾವ ಓಣಿಯಲ್ಲಿತ್ತು ಎಂಬುದೇ ನನಗೆ ಮರೆತುಹೋಗಿತ್ತು.

"ಹೇಗಿದೆ?" ಅಮ್ಮ ಎದುರಿಗೆ ಕೂತು ನನ್ನ ಬಾಯನ್ನೇ ನೋಡುತ್ತಿದ್ದಳು. ನನ್ನ ಬಾಯಿ ತುಂಬಿತ್ತು. ಹೆಬ್ಬೆರಳು ಎತ್ತಿ ತೋರಿಸಿದೆ. ಅಮ್ಮ ತನ್ನ ತಟ್ಟೆಯದನ್ನು ಒಂದು ತುತ್ತು ತಿಂದು ಹಾಗೆಯೇ ಇಟ್ಟಳು.

ಅತ್ತೆ ಅದನ್ನು ನೋಡಿದಳು. ಒಂದು ಬನ್ನು ತೆಗೆದು, ಬಿಲ್ಲೆ ಇಟ್ಟು, ಮೊಸರು ಸುರಿದು, ಅಮ್ಮನ ಪಕ್ಕದಲ್ಲೇ ಕೂತಳು.

"ಅಮ್ಮಾ, ಉಪವಾಸ..." ಎಂದ ಸ್ಟೆರ್ಗಿಯೋಸ್.

"ಆಗ್ಲೇ ಮುರಿದಿದೆ. ಚೂರು ತಿಂದ್ರೂ ಪಾಪ, ಇಡೀ ತಿಂದ್ರೂ ಪಾಪ. ಮಾಡೋ ಪಾಪಾನ ಹೊಟ್ಟೆ ತುಂಬ ಮಾಡ್ಬೇಕು." ದೊಡ್ಡದಾಗಿ ಒಂದು ಕಚ್ಚಿ, ಅಮ್ಮನ ಕಡೆ ತಿರುಗಿದಳು. "ನೀನೂ ಕಚ್ಚು. ನಾನು ಹೇಳ್ತಾ ಹೋಗ್ತೀನಿ."

ಅಮ್ಮ ಕಚ್ಚಿದಳು.

"ಮೊದ್ಲು ಮೊಸರು. ತಣ್ಣಗೆ. ಬೆಳ್ಳುಳ್ಳಿ ಮೂಗಿಗೆ ಹೊಡೀತಿದೆ, ಹಿತವಾಗಿ. ಈಗ ಟೊಮೆಟೊ. ಹುಳಿ ಕಮ್ಮಿ, ಅಂಗಡೀದು. ನನ್ನ ಹಿತ್ಲದ್ದಾಗಿದ್ರೆ ಬೇರೆ ಮಾತು. ಈಗ ಮಾಂಸ. ಹೊರಗೆ ಸ್ವಲ್ಪ ಕರಿದಂಗೆ, ಒಳಗೆ ಮೆತ್ತಗೆ. ಅಗಿ, ಅಗಿ. ಹಾ, ಚೀಸ್ ಬಂತು. ಬಿಸಿ, ಉಪ್ಪುಪ್ಪು, ಕರಗ್ತಿದೆ. ಈಗ..." ಅವಳು ನಿಲ್ಲಿಸಿದಳು.

"ಏನು? ಈಗ ಏನು?"

"ನಿನ್ನ ಹಾಳು ಜೀರಿಗೆ."

"ಹೇಗಿದೆ?"

ಅತ್ತೆ ಇನ್ನೂ ಒಂದು ಸಲ ಅಗಿದಳು. ಬಹಳ ಹೊತ್ತು ಅಗಿದಳು. "ಇರ್ಲಿ ಬಿಡು. ಚೆನ್ನಾಗೇ ಇದೆ."

ಅಮ್ಮ ತಟ್ಟೆ ಖಾಲಿ ಮಾಡಿದಳು. ತಿಂಗಳುಗಳ ಮೇಲೆ ಅವಳು ಪೂರ್ತಿ ಊಟ ಮಾಡಿದ್ದು ಆವತ್ತೇ ಎಂದು ಆಮೇಲೆ ತಿಳಿಯಿತು.

ಭಾನುವಾರ ಅತ್ತೆ ಹಳ್ಳಿಯ ಚರ್ಚಿಗೆ ಹೋಗಿ ಪಾದ್ರಿಗಳ ಮುಂದೆ ಪಾಪ ಒಪ್ಪಿಕೊಂಡಳು. ಹಬ್ಬ ಮುಗಿದ ಮೇಲೆ ಮೂರು ದಿನ ಹೆಚ್ಚಿಗೆ ಉಪವಾಸ ಮಾಡಬೇಕೆಂದು ಅವರು ಹೇಳಿದರಂತೆ. ಹಾಗೆಯೇ, ಅದರಲ್ಲಿ ಓರೆಗಾನೊ ಎಷ್ಟು ಹಾಕಿದ್ದಿರಿ ಎಂದೂ ಕೇಳಿದರಂತೆ. ಆ ಮೂರು ದಿನ ಸ್ಟೆರ್ಗಿಯೋಸನಿಗೆ ರಜೆ ಹಾಕಿಸಿ ನನ್ನ ಹತ್ತಿರ ಬಿಟ್ಟು, ಅಮ್ಮನೂ ಹಳ್ಳಿಗೆ ಹೋಗಿ ಅವಳ ಜೊತೆ ಬೇಯಿಸಿದ ಸೊಪ್ಪು ತಿಂದಳು. "ದೊಡ್ಡ ತ್ಯಾಗ ಏನಲ್ಲ, ಅವಳಿಗೆ ಸೊಪ್ಪೂ ಒಂದೇ ಕೇಕೂ ಒಂದೇ" ಎಂದು ಅತ್ತೆ ನನಗೆ ಫೋನಿನಲ್ಲಿ ಚುಚ್ಚಿದಳು. ಹಿಂದಿನಿಂದ ಅಮ್ಮ, "ಇವಳ ಅಡುಗೆಗೆ ಇದೇ ಸರಿಯಾದ ನಾಲಿಗೆ!" ಎಂದು ಕೂಗಿದ್ದು ಕೇಳಿಸಿತು.

ನಾಲ್ಕನೆಯ ದಿನ ಅತ್ತೆ ಅಮ್ಮನನ್ನು ಎಳೆದುಕೊಂಡು ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋದಳು. ದಿನಕ್ಕೆರಡು ಸಲ ನಾಲ್ಕು ಬಗೆಯ ಘಾಟು ವಾಸನೆಗಳನ್ನು ಮೂಸಿ, ಮೂಗಿಗೆ ಹಳೆಯದನ್ನು ನೆನಪು ಮಾಡಿಕೊಡಬೇಕು, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಅವರು. ಅತ್ತೆ ನಾಲ್ಕು ಜಾಡಿ ಮಾಡಿಕೊಟ್ಟಳು: ಲವಂಗ, ನಿಂಬೆ ಸಿಪ್ಪೆ, ಗುಲಾಬಿ, ನೀಲಗಿರಿ ಎಣ್ಣೆ. ಪ್ರತಿದಿನ ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಅವಳ ಫೋನು: "ಮೂಸಿದ್ಯಾ?" "ಮೂಸಿದೆ." "ಏನಾದ್ರೂ ಗೊತ್ತಾಯ್ತಾ?" "ನಿನ್ನ ಕಾಟ ಗೊತ್ತಾಯ್ತು."

ಸೆಪ್ಟೆಂಬರಿನಲ್ಲಿ ಮಗಳು ಹುಟ್ಟಿದಳು. ಬೀಗಿತ್ತಿಯರು ಆಸ್ಪತ್ರೆಗೆ ಒಂದೇ ಬಸ್ಸಿನಲ್ಲಿ ಬಂದರು, ಅವಳಿಗೆ ಯಾರ ಹೆಸರಿಡಬೇಕೆಂದು ದಾರಿಯುದ್ದಕ್ಕೂ ಜಗಳವಾಡಿಕೊಂಡು.

ಅಕ್ಟೋಬರಿನ ಒಂದು ಬೆಳಿಗ್ಗೆ ಇಬ್ಬರೂ ನಮ್ಮ ಅಡುಗೆಮನೆಯಲ್ಲಿದ್ದರು. ಅತ್ತೆ ಒಲೆಯ ಮೇಲೆ ಕಾಫಿಯಿಟ್ಟು, ನನ್ನ ಮಗಳಿಗೆ ಯಾರ ಮೂಗು ಬಂದಿದೆ ಎಂದು ವಾದಿಸುವುದರಲ್ಲಿ ಮುಳುಗಿದ್ದಳು. ಅಮ್ಮ ಮಾತಿನ ನಡುವೆ ತಟ್ಟನೆ ನಿಂತು, ತಲೆಯೆತ್ತಿ, "ಏನೋ ಸೀದಿದೆ" ಎಂದಳು.

"ನನ್ನ ಕಾಫಿಗೂ ಹೆಸರಿಡ್ತೀಯಾ..." ಎಂದು ಅತ್ತೆ ಜಗಳಕ್ಕೆ ತಿರುಗಿದವಳು ಒಲೆ ನೋಡಿದಳು. ಕಾಫಿ ಉಕ್ಕಿ ಉರಿಯ ಮೇಲೆ ಸೀಯುತ್ತಿತ್ತು. ಅಮ್ಮ ಒಲೆಗೆ ಬೆನ್ನು ಹಾಕಿ ನಿಂತಿದ್ದಳು.

ಅತ್ತೆ ಒಲೆ ಆರಿಸಲಿಲ್ಲ. "ಏನಂದೆ? ಇನ್ನೊಂದು ಸಲ ಹೇಳು" ಎಂದಳು.